ಕೊಬ್ಬಿಲ್ಲದವರ ಕೊಬ್ಬು



ತಾಳವಾಡಿ ಬೆಟ್ಟದ ಹಳ್ಳಿಗಳಲ್ಲಿ ಆರೋಗ್ಯ ದಾದಿಯಾಗಿ ಬಹಳ ವರ್ಷ ತಿರುಗಿ, ಈಗ ನಿವೃತ್ತಿಯಾಗಿ ಮನೆಯಲ್ಲಿರುವವಳು ನಾನು. ಹಾಸನೂರಿನಿಂದ ಗುಮಟಾಪುರದವರೆಗೆ, ತಲಮಲೆಯಿಂದ ದೊಡ್ಡಗಾಜನೂರಿನವರೆಗೆ ನನ್ನನ್ನು ನರ್ಸಮ್ಮ ಎಂದೇ ಕರೆಯುತ್ತಿದ್ದರು. ಈ ಹೊತ್ತು ರಕ್ತದಲ್ಲಿರುವ ಕೊಬ್ಬಿನ ಬಗ್ಗೆ, ಅಂದರೆ ಕೊಲೆಸ್ಟ್ರಾಲ್ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ಎಲ್ಲರ ಕೊಬ್ಬಿನ ಮಾತಲ್ಲ. ಯಾರನ್ನು ಯಾರೂ ಪರೀಕ್ಷೆ ಮಾಡಿಸುವುದಿಲ್ಲವೋ, ಮಾಡಿಸಿದರೂ ಮಾತ್ರೆ ಬರೆಯುವುದಿಲ್ಲವೋ, ಬರೆದರೂ ಮೂರು ತಿಂಗಳಿಗೆ ನಿಂತುಹೋಗುತ್ತದೆಯೋ ಅಂಥವರ ಮಾತು.

ಮೊದಲು ಈ ಪದದ್ದೇ ಒಂದು ತೊಡಕು. ಒಮ್ಮೆ ಒಬ್ಬ ಹೆಣ್ಣುಮಗಳಿಗೆ, ‘ನಿನ್ನ ರಕ್ತದಲ್ಲಿ ಕೊಬ್ಬು ಜಾಸ್ತಿ ಇದೆ ಕನವ್ವ’ ಎಂದೆ. ಕಳೆ ಕಿತ್ತು ಬಂದು ಜಗಲಿಯ ಮೇಲೆ ಕೂತಿದ್ದವಳು ಬಿದ್ದು ಬಿದ್ದು ನಕ್ಕಳು. ‘ಅಯ್ಯೋ ಬುಡಿ ನರ್ಸಮ್ಮ, ನಂಗೆಲ್ಲಿ ಬಂತು ಕೊಬ್ಬು? ಕೊಬ್ಬಿರೋದು ನಮ್ಮ ಓರಗಿತ್ತಿಗೆ’ ಎಂದಳು. ಸರಿ, ತಮಿಳಿನಲ್ಲಾದರೂ ಹೇಳೋಣವೆಂದರೆ ಅಲ್ಲಿಯೂ ಅದೇ ಕಥೆ. ‘ಕೊಳುಪ್ಪು’ ಎಂದರೆ ಕೊಬ್ಬೂ ಹೌದು, ಸೊಕ್ಕೂ ಹೌದು. ನಾವು ಎರಡು ಭಾಷೆ ಬಲ್ಲವರು, ಎರಡರಲ್ಲಿಯೂ ಈ ಪದ ಬೈಗುಳವೇ. ಉಂಡು ಮಲಗುವವರ ಮನೆಯ ಕಾಯಿಲೆ ಇದು, ಬೆನ್ನು ಬಗ್ಗಿಸಿ ದುಡಿಯುವವರಿಗೆ, ಹಿಟ್ಟು ಸೊಪ್ಪು ತಿನ್ನುವವರಿಗೆ, ಬಡಕಲು ಮೈಯವರಿಗೆ ಬರುವುದಲ್ಲ ಎಂಬ ನಂಬಿಕೆ ಆ ಪದದೊಳಗೇ ಕೂತಿದೆ. ನನ್ನ ಅನುಭವದಲ್ಲಿ ಮೊದಲ ಪೆಟ್ಟು ಕೊಡುವುದು ಈ ನಂಬಿಕೆಯೇ.

ಕೊಲೆಸ್ಟ್ರಾಲ್ ವಿಷವಲ್ಲ. ಮೈಯ ಪ್ರತಿಯೊಂದು ಕಣಕ್ಕೂ ಅದು ಬೇಕು, ಪಿತ್ತರಸಕ್ಕೆ ಬೇಕು, ಹೆಣ್ಣು ಗಂಡಿನ ಹಾರ್ಮೋನುಗಳಿಗೆ ಬೇಕು. ಅದರ ಹೆಚ್ಚು ಪಾಲನ್ನು ನಮ್ಮ ಈಲಿಯೇ, ಅಂದರೆ ಯಕೃತ್ತೇ ತಯಾರಿಸುತ್ತದೆ. ಆದ್ದರಿಂದ ಮಾಂಸದ ಮುಖ ನೋಡದವರಿಗೂ ಅದು ಏರಬಹುದು, ಬಡಕಲು ಮೈಯವರಿಗೂ ಏರಬಹುದು. ರಕ್ತದಲ್ಲಿ ಅದನ್ನು ಹೊತ್ತು ತಿರುಗುವ ಗಾಡಿಗಳಲ್ಲಿ ಎರಡನ್ನು ನೆನಪಿಟ್ಟರೆ ಸಾಕು. ಎಲ್‌ಡಿಎಲ್ ಎಂಬುದು ಸರಕನ್ನು ರಕ್ತನಾಳದ ಗೋಡೆಗೆ ಇಳಿಸಿ ಹೋಗುವಂಥದ್ದು. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಎಚ್‌ಡಿಎಲ್ ಮಿಕ್ಕಿದ್ದನ್ನು ವಾಪಸು ಸಾಗಿಸುವಂಥದ್ದು. ಇವೆರಡರ ಜೊತೆಗೆ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬಿದೆ. ನಮ್ಮ ಜನರಲ್ಲಿ ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು, ಇದೇ ಸಾಮಾನ್ಯವಾಗಿ ಕಾಣುವ ಚಿತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ ದೊಡ್ಡವರಲ್ಲಿ ನೂರಕ್ಕೆ 81 ಮಂದಿಗೆ ಈ ಕೊಬ್ಬಿನ ಲೆಕ್ಕದಲ್ಲಿ ಏನಾದರೊಂದು ಏರುಪೇರು ಇತ್ತೆಂದು ಅದು ಹೇಳುತ್ತದೆ. ಆ 81 ಮಂದಿಯೂ ಉಂಡು ಮಲಗುವವರಲ್ಲ.

ರಕ್ತನಾಳದಲ್ಲಿ ಕೊಬ್ಬು ಕೂರುವುದನ್ನು ಹನಿ ನೀರಾವರಿಯ ಪೈಪಿಗೆ ಹೋಲಿಸಿ ಹೇಳುವುದುಂಟು. ಬೋರಿನ ಗಡುಸು ನೀರು ಹರಿದು ಹರಿದು ಪೈಪಿನ ಒಳಗೆ ಬಿಳಿ ಹಕ್ಕಳೆ ಕಟ್ಟುವುದನ್ನು ಕೋಸು, ಬಾಳೆ ಬೆಳೆಯುವ ನೀವೆಲ್ಲ ಕಂಡಿದ್ದೀರಿ. ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಹೋಲಿಕೆ ಅರ್ಧ ಮಾತ್ರ ಸರಿ. ರಕ್ತನಾಳದಲ್ಲಿ ಕೊಬ್ಬು ಮೇಲೆ ಅಂಟಿಕೊಳ್ಳುವುದಿಲ್ಲ, ಗೋಡೆಯ ಒಳಗೆ ಸೇರಿ ಕುರುವಿನ ಹಾಗೆ ಉಬ್ಬುತ್ತದೆ. ಕುರು ಒಡೆದ ಹಾಗೆ ಒಂದು ದಿನ ಅದು ಒಡೆದರೆ ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಕೆಲವೇ ನಿಮಿಷದಲ್ಲಿ ನಾಳ ಮುಚ್ಚಿಹೋಗುತ್ತದೆ. ಹೃದಯದಲ್ಲಾದರೆ ಹೃದಯಾಘಾತ, ಮೆದುಳಿನಲ್ಲಾದರೆ ಲಕ್ವ. ನಿನ್ನೆ ತಾನೆ ಮೂಟೆ ಹೊತ್ತಿದ್ದ ಮನುಷ್ಯ ಇಂದು ಹೇಗೆ ಹೋದ ಎಂದು ಕೇಳುತ್ತೇವಲ್ಲ, ಅದಕ್ಕೆ ಕಾರಣ ಇದು. ಅರ್ಧ ಕೂಡ ಕಟ್ಟಿರದ ನಾಳದಲ್ಲಿಯೂ ಆ ಕುರು ಒಡೆಯಬಹುದು. ಅಲ್ಲಿಯವರೆಗೆ ನೋವಿಲ್ಲ, ಉಬ್ಬಸವಿಲ್ಲ, ಯಾವ ಸೂಚನೆಯೂ ಇರುವುದಿಲ್ಲ.

ನಮ್ಮ ಸೀಮೆಯವರಿಗೆ ಈ ಮಾತು ಹೊಸದಲ್ಲ. ಗಾಜನೂರಿನ ಮಣ್ಣಿನ ಮಗ ಡಾ. ರಾಜ್‌ಕುಮಾರ್ ಅವರು 2006ರ ಏಪ್ರಿಲ್ 12ರಂದು ಹೃದಯ ನಿಂತು ತೀರಿಕೊಂಡರು. ಅವರ ಕಿರಿಯ ಮಗ ಪುನೀತ್ 2021ರ ಅಕ್ಟೋಬರ್ 29ರಂದು, ಬರಿಯ 46ನೆಯ ವಯಸ್ಸಿನಲ್ಲಿ ಹೋದರು. ಆ ದಿನ ನಮ್ಮ ಹಳ್ಳಿಗಳಲ್ಲಿ ಒಲೆ ಹಚ್ಚದ ಮನೆಗಳಿದ್ದವು. ಅವರ ಮೈಯೊಳಗೆ ಏನಾಗಿತ್ತೆಂದು ನಾವು ಊಹಿಸುವುದು ತರವಲ್ಲ, ನಾನು ಆ ಮಾತಿಗೆ ಹೋಗುವುದಿಲ್ಲ. ಆಮೇಲೆ ನಡೆದದ್ದರ ಬಗ್ಗೆ ಮಾತ್ರ ಹೇಳುತ್ತೇನೆ. ಕರ್ನಾಟಕದ ಊರೂರುಗಳಲ್ಲಿ ಹೃದಯ ಪರೀಕ್ಷೆಗೆ ಜನ ಮುಗಿಬಿದ್ದರು. 2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹಬ್ಬಿದಾಗಲೂ ಹಾಗೇ ಆಯಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತ್ತು. ನಮ್ಮ ಕಡೆಯಿಂದಲೂ ಹೋದವರಿದ್ದಾರೆ. ಹೋದವರು ಯಾರೆಂದು ನಾನು ಎಣಿಸಿ ನೋಡಿದೆ. ಮೊಬೈಲಿನಲ್ಲಿ ಸುದ್ದಿ ಓದಬಲ್ಲ, ಬಸ್ಸಿನ ದುಡ್ಡು ಕೈಯಲ್ಲಿರುವ, ಇಪ್ಪತ್ತೈದು ಮೂವತ್ತರ ಗಟ್ಟಿ ಹುಡುಗರು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಅವರ ಅವ್ವಂದಿರು ಮನೆಯಲ್ಲಿ ಹಸು ಕಟ್ಟುತ್ತಿದ್ದರು. ಹೆದರಿಕೆ ಒಂದು ಕಡೆ, ಅಪಾಯ ಇನ್ನೊಂದು ಕಡೆ!

ಆ ಅವ್ವಂದಿರಲ್ಲಿ ಒಬ್ಬರ ಕಥೆ ಹೇಳುತ್ತೇನೆ. ಅವರು ನನ್ನ ಸ್ವಂತ ಅತ್ತಿಗೆ, ನನ್ನ ದೊಡ್ಡಣ್ಣನ ಹೆಂಡತಿ. ಆಗ ಅವರಿಗೆ 54 ವರ್ಷ. ನಲವತ್ತೊಂದನೆಯ ವಯಸ್ಸಿಗೇ ರಕ್ತಸ್ರಾವವೆಂದು ಗರ್ಭಕೋಶವನ್ನೂ ಅಂಡಾಶಯವನ್ನೂ ತೆಗೆಸಿದ್ದರು. ಸಕ್ಕರೆ ಕಾಯಿಲೆ ಎಂಟು ವರ್ಷದ್ದು. ಒಂದು ಸಾಯಂಕಾಲ ಬಂದು, ‘ಬೆನ್ನೆಲ್ಲ ಹಿಡ್ಕಂಡದೆ ಕನವ್ವ, ದವಡೆ ಸೆಳೀತದೆ, ವಾಕರಿಕೆ ಬತ್ತದೆ’ ಎಂದರು. ಮೈ ಬೆವರಿತ್ತು. ನಾನು ದಾದಿ. ಓದಿದವಳು. ‘ವಾಯು ಇರಬೇಕು ಅತ್ತಿಗೆ, ಮಧ್ಯಾಹ್ನ ಏನು ತಿಂದ್ರಿ?’ ಎಂದು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದೆ. ಇದೇ ಮಾತನ್ನು ಅಣ್ಣ ಹೇಳಿದ್ದರೆ ನಾನು ಹಾಗೆ ಕಳಿಸುತ್ತಿದ್ದೆನೇ? ಇಲ್ಲ. ಆಗಲೇ ಗಾಡಿ ಕರೆಯುತ್ತಿದ್ದೆ. ಗಂಡಸು ಎದೆ ಮುಟ್ಟಿಕೊಂಡರೆ ಹೃದಯ, ಹೆಂಗಸು ಮುಟ್ಟಿಕೊಂಡರೆ ಗ್ಯಾಸು ಎಂಬ ಲೆಕ್ಕ ನನ್ನ ತಲೆಯಲ್ಲಿಯೂ ಇತ್ತು. ಮಾರನೆಯ ಬೆಳಿಗ್ಗೆ ಅವರು ಎಚ್ಚರ ತಪ್ಪಿ ಬಿದ್ದರು. ಗಡಿ ದಾಟಿ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಉಳಿದರು. ಹೃದಯದ ಒಂದು ಭಾಗ ಸತ್ತಿತ್ತು.

ಹೆಂಗಸರಿಗೂ ಎದೆನೋವು ಬರುತ್ತದೆ, ಇಲ್ಲವೆಂದಲ್ಲ. ಆದರೆ ಅದರ ಜೊತೆ, ಇಲ್ಲವೇ ಅದರ ಬದಲು, ಬೆನ್ನು, ಕತ್ತು, ದವಡೆ, ಹೊಟ್ಟೆಯ ಮೇಲ್ಭಾಗದ ನೋವು, ವಾಕರಿಕೆ, ಏದುಸಿರು, ಹೇಳಲಾರದ ಸುಸ್ತು ಅವರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಲ್ಲಿ ನರಗಳು ಮಂದವಾಗಿ ನೋವೇ ಕಾಣದಿರಬಹುದು. ಮುಟ್ಟು ನಿಲ್ಲುವವರೆಗೆ ಹೆಣ್ಣಿಗೆ ಪ್ರಕೃತಿಯ ಒಂದಿಷ್ಟು ಕಾವಲು ಇರುತ್ತದೆ. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಅಧ್ಯಯನ ಐವತ್ತೆರಡು ದೇಶಗಳಲ್ಲಿ ನಡೆದದ್ದು. ಗಂಡಸರಿಗಿಂತ ಸುಮಾರು ಒಂಬತ್ತು ವರ್ಷ ತಡವಾಗಿ ಹೆಂಗಸರಿಗೆ ಮೊದಲ ಹೃದಯಾಘಾತ ಬರುತ್ತದೆಂದು ಅದರಲ್ಲಿ ಕಂಡಿತು. ಆದರೆ ಸಕ್ಕರೆ ಕಾಯಿಲೆ ಬಂದರೆ ಆ ಕಾವಲು ಬಹುಮಟ್ಟಿಗೆ ಹೋಗುತ್ತದೆ. ಚಿಕ್ಕ ವಯಸ್ಸಿಗೇ ಅಂಡಾಶಯ ತೆಗೆಸಿದರೂ, ಮುಟ್ಟು ಬೇಗ ನಿಂತರೂ ಹೋಗುತ್ತದೆ. ಬಸಿರಿನಲ್ಲಿ ರಕ್ತದೊತ್ತಡ ಏರಿದವರಿಗೆ, ಬಸಿರಿನಲ್ಲಿ ಸಕ್ಕರೆ ಕಂಡವರಿಗೆ ಹೆರಿಗೆಯಾದ ಮೇಲೆ ಎಲ್ಲ ಸರಿಹೋಯಿತೆಂದು ನಾವೂ ಮರೆಯುತ್ತೇವೆ, ಅವರೂ ಮರೆಯುತ್ತಾರೆ. ಇಪ್ಪತ್ತು ವರ್ಷದ ನಂತರ ಅವರ ಹೃದಯಕ್ಕೆ ಅದು ಹೆಚ್ಚಿನ ಅಪಾಯವಾಗಿ ತಿರುಗಿ ಬರಬಹುದು. ತಾಯಿ ಕಾರ್ಡಿನಲ್ಲಿ ಬರೆದದ್ದನ್ನು ಹರಿದು ಹಾಕಬೇಡಿ. ವಯಸ್ಸಾದ ಮೇಲೆ ಡಾಕ್ಟರಿಗೆ ಅದನ್ನೂ ಹೇಳಿ. ಇನ್ನು ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು. ಬೀಡಿ ಸೇದುವ ಗಂಡಸನ್ನು ಎಲ್ಲರೂ ಬೈಯುತ್ತಾರೆ. ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ ಮಲಗುವ ಹೆಂಗಸರನ್ನು ಯಾರೂ ಕೇಳುವುದಿಲ್ಲ. ಅದೂ ಹೃದಯಕ್ಕೆ ಕೇಡೇ.

ಆಸ್ಪತ್ರೆಯಲ್ಲಿ ಅತ್ತಿಗೆಯ ಹಳೆಯ ರಕ್ತ ಪರೀಕ್ಷೆಯ ಚೀಟಿಯೊಂದು ಸಿಕ್ಕಿತು. ಕಾಯಿಲೆಗೆ ಎರಡು ವರ್ಷ ಮುಂಚಿನದು. ಎಲ್‌ಡಿಎಲ್ 118 ಎಂದಿತ್ತು. ಪಕ್ಕದಲ್ಲಿ, 130ರೊಳಗೆ ಇದ್ದರೆ ನಾರ್ಮಲ್ ಎಂದು ಅಚ್ಚಾಗಿತ್ತು. ಯಾರೋ ಅದಕ್ಕೆ ಹಸಿರು ಶಾಯಿಯಲ್ಲಿ ಸರಿ ಗುರುತು ಹಾಕಿದ್ದರು. ಆ ಹಸಿರು ಗುರುತು ಇಂದಿಗೂ ನನ್ನ ಕಣ್ಣಲ್ಲಿದೆ. ಏಕೆಂದರೆ ಎಲ್ಲರಿಗೂ ಒಂದೇ ನಾರ್ಮಲ್ ಎಂಬುದಿಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಜುಲೈನಲ್ಲಿ ನಮ್ಮ ದೇಶದವರಿಗೆಂದೇ ಒಂದು ಮಾರ್ಗಸೂಚಿ ಹೊರತಂದಿತು. ಅದರ ಪ್ರಕಾರ ಸಾಧಾರಣ ಜನರಿಗೆ ಎಲ್‌ಡಿಎಲ್ 100ರ ಕೆಳಗಿರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಹೆಚ್ಚಿನ ಅಪಾಯ ಇರುವವರಿಗೆ 70ರ ಕೆಳಗೆ. ಈಗಾಗಲೇ ಹೃದಯಾಘಾತ, ಲಕ್ವ ಆದವರಿಗೆ, ಮೂತ್ರಪಿಂಡದ ದೀರ್ಘ ಕಾಯಿಲೆ ಇರುವವರಿಗೆ 55ರ ಕೆಳಗೆ. ಲೆಕ್ಕವೆಲ್ಲ ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. ಈಗ ನೋಡಿ, ಅತ್ತಿಗೆಗೆ 118 ನಾರ್ಮಲ್ ಆಗಿರಲಿಲ್ಲ, ಬಹಳ ಹೆಚ್ಚಾಗಿತ್ತು. ಸಕ್ಕರೆ ಕಾಯಿಲೆ ಇದ್ದು ನಲವತ್ತು ದಾಟಿದವರಿಗೆ, ಕೊಬ್ಬಿನ ಸಂಖ್ಯೆ ನೋಡಲು ಚೆನ್ನಾಗಿಯೇ ಇದ್ದರೂ, ಸಾಮಾನ್ಯವಾಗಿ ಸ್ಟ್ಯಾಟಿನ್ ಜಾತಿಯ ಮಾತ್ರೆ ಬೇಕು ಎಂದೇ ವೈದ್ಯಶಾಸ್ತ್ರ ಹೇಳುತ್ತದೆ. ಆದ್ದರಿಂದ ಚೀಟಿ ತೋರಿಸಿ ‘ನಾರ್ಮಲ್ಲಾ?’ ಎಂದು ಕೇಳಬೇಡಿ. ‘ನನಗೆ ಸಕ್ಕರೆ ಇದೆ, ನನ್ನಂಥವಳಿಗೆ ಇದು ಸಾಕಾ?’ ಎಂದು ಕೇಳಿ. ಇಷ್ಟು ಕೇಳಿದರೆ ಯಾವ ಡಾಕ್ಟರೂ ಕೋಪಿಸಿಕೊಳ್ಳುವುದಿಲ್ಲ. ಕೋಪಿಸಿಕೊಂಡರೂ ಚಿಂತೆಯಿಲ್ಲ.

ಆ ಮಾರ್ಗಸೂಚಿಯಲ್ಲಿ ನಮ್ಮಂಥವರಿಗೆ ಅನುಕೂಲವಾದ ಇನ್ನೊಂದು ಮಾತಿದೆ. ಕೊಬ್ಬಿನ ಮೊದಲ ಪರೀಕ್ಷೆಗೆ ಉಪವಾಸ ಬೇಕಾಗಿಲ್ಲ. ಹಿಟ್ಟು ಉಂಡು ಬಂದರೂ ರಕ್ತ ಕೊಡಬಹುದು. ಟ್ರೈಗ್ಲಿಸರೈಡ್ ವಿಪರೀತ ಕಂಡರೆ ಆಗ ಉಪವಾಸದಲ್ಲಿ ಮತ್ತೊಮ್ಮೆ ನೋಡುತ್ತಾರೆ. ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಕಾಡಿನ ದಾರಿ ನಡೆದು ಬಂದು, ಲ್ಯಾಬಿನವರು ಬರುವುದು ತಡವಾಗಿ, ತಲೆ ಸುತ್ತಿ ವಾಪಸು ಹೋದ ಎಷ್ಟು ಜನರನ್ನು ನಾನು ನೋಡಿಲ್ಲ! ಸಕ್ಕರೆಯ ಉಪವಾಸದ ಪರೀಕ್ಷೆ ಬೇರೆ, ಅದನ್ನು ಇದಕ್ಕೆ ಸೇರಿಸಿಕೊಳ್ಳಬೇಡಿ.

ಸ್ಟ್ಯಾಟಿನ್ ಎಂದೆ. 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ ಬೂಷ್ಟಿನಿಂದ, ಅನ್ನ ಹಳಸಿದರೆ ಹಿಡಿಯುತ್ತದಲ್ಲ ಅಂಥ ಬೂಷ್ಟಿನ ಜಾತಿಯೊಂದರಿಂದ, ಇದರ ಮೂಲವನ್ನು ಕಂಡುಹಿಡಿದರು. ಈಲಿಯಲ್ಲಿ ಕೊಲೆಸ್ಟ್ರಾಲ್ ತಯಾರಾಗುವ ಕೆಲಸವನ್ನು ಇದು ತಗ್ಗಿಸುತ್ತದೆ. ಆಗ ಈಲಿ ರಕ್ತದಲ್ಲಿರುವ ಎಲ್‌ಡಿಎಲನ್ನು ಎಳೆದುಕೊಳ್ಳುತ್ತದೆ. 1994ರಲ್ಲಿ ಉತ್ತರ ಯೂರೋಪಿನ ನಾಡುಗಳಲ್ಲಿ 4,444 ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಹೊರಬಂತು. ಮಾತ್ರೆ ತೆಗೆದುಕೊಂಡವರಲ್ಲಿ ಸಾವು ನೂರಕ್ಕೆ 30ರಷ್ಟು ಕಡಿಮೆಯಾಗಿತ್ತು. ಆಮೇಲೆ ಅನೇಕ ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗ, ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಲಕ್ವದಂಥ ಅನಾಹುತಗಳು ಐದರಲ್ಲೊಂದು ಪಾಲು ಕಡಿಮೆಯಾಗುತ್ತವೆ ಎಂದು ಕಂಡಿತು. ಅಪಾಯ ಸಮನಾಗಿರುವ ಹೆಂಗಸರಿಗೂ ಗಂಡಸರಿಗೂ ಲಾಭ ಸಮನಾಗಿಯೇ ಇದೆ ಎಂದು 2015ರಲ್ಲಿ ಅದೇ ತಂಡ ತೋರಿಸಿತು. ಮಾತ್ರೆಗೆ ಗೊತ್ತಿಲ್ಲದ ಭೇದ ಬರೆಯುವ ಕೈಗೆ ಗೊತ್ತಿದೆ.

ನಮ್ಮ ಹಳ್ಳಿಗಳ ಪಾಡೇನು? ಹದಿನೇಳು ದೇಶಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವಿದೆ. ಹೃದಯಾಘಾತವೋ ಲಕ್ವವೋ ಆಗಿ ಬದುಕಿ ಉಳಿದವರ ಮನೆಗಳಿಗೇ ಹೋಗಿ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳಿದರು. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 66 ಮಂದಿ ಸ್ಟ್ಯಾಟಿನ್ ನುಂಗುತ್ತಿದ್ದರು. ಆಗ ನಮ್ಮ ದೇಶವೂ ಸೇರಿದ್ದ ಬಡ ದೇಶಗಳಲ್ಲಿ ನೂರಕ್ಕೆ ಮೂರು ಮಂದಿ! ಹಳ್ಳಿಗಳಲ್ಲಿ ಪಟ್ಟಣಕ್ಕಿಂತ ಕಡಿಮೆ. ಒಮ್ಮೆ ಪೆಟ್ಟು ತಿಂದವರ ಸ್ಥಿತಿ ಹೀಗಾದರೆ ಇನ್ನೂ ಪೆಟ್ಟು ತಿನ್ನದವರನ್ನು ಕೇಳುವವರು ಯಾರು?

ಅತ್ತಿಗೆಯೂ ಆ ತೊಂಬತ್ತೇಳರ ಸಾಲಿಗೇ ಸೇರಿದರು. ಅದು ಹೇಗಾಯಿತೆಂದು ಹೇಳಿದರೆ ಗಡಿಯಲ್ಲಿರುವ ನಿಮಗೆ ಬೇಗ ಅರ್ಥವಾದೀತು. ಆಚೆ ರಾಜ್ಯದ ಆಸ್ಪತ್ರೆಯವರು ಮೂರು ತಿಂಗಳ ಮಾತ್ರೆ ಬರೆದು, ಮತ್ತೆ ಬನ್ನಿ ಎಂದು ಕಳಿಸಿದರು. ಬಸ್ಸು, ಕೂಲಿ ನಷ್ಟ, ಜೊತೆಗೊಬ್ಬರು, ಹೀಗಾಗಿ ಹೋಗಲಿಲ್ಲ. ಈಚೆ ನಮ್ಮ ಕೇಂದ್ರದಲ್ಲಿ ಚೀಟಿ ತೋರಿಸಿದರೆ ಅದರಲ್ಲಿದ್ದದ್ದು ಕಂಪನಿಯ ಹೆಸರು. ಇಲ್ಲಿ ಕೊಟ್ಟ ಮಾತ್ರೆಯ ಪಟ್ಟಿಯ ಮೇಲೆ ಬೇರೆ ಹೆಸರು, ಬೇರೆ ಬಣ್ಣ. ಅತ್ತಿಗೆಗೆ ಅನುಮಾನ. ‘ಇದು ಆ ಮಾತ್ರೆ ಅಲ್ಲ ಕನ, ಇದು ಸರ್ಕಾರದ್ದು’ ಎಂದು ಡಬ್ಬಿಗೆ ಹಾಕಿಟ್ಟರು. ಅಷ್ಟರಲ್ಲಿ ಪಕ್ಕದ ಮನೆಯವರೊಬ್ಬರು, ಕೊಬ್ಬಿನ ಮಾತ್ರೆ ಕಿಡ್ನಿ ತಿನ್ನುತ್ತದೆ ಎಂದರು. ಇನ್ನೊಬ್ಬರು ಬೆಳ್ಳುಳ್ಳಿ ಜೇನುತುಪ್ಪ ಹೇಳಿದರು. ಎದೆನೋವೂ ಇರಲಿಲ್ಲ. ಮಾತ್ರೆ ನಿಂತಿತು. ಹದಿನಾಲ್ಕು ತಿಂಗಳಿಗೆ ಎರಡನೆಯ ಪೆಟ್ಟು.

ಆದ್ದರಿಂದ ಇದನ್ನು ನಿಧಾನವಾಗಿ ಹೇಳುತ್ತೇನೆ. ಮಾತ್ರೆಯ ಪಟ್ಟಿಯ ಮೇಲೆ ದೊಡ್ಡದಾಗಿ ಕಂಪನಿ ಇಟ್ಟ ಹೆಸರಿದ್ದರೂ ಔಷಧದ ನಿಜವಾದ ಹೆಸರು ಅದರ ಮೇಲೆ ಎಲ್ಲಾದರೂ ಇದ್ದೇ ಇರುತ್ತದೆ. ಅಟಾರ್ವಾಸ್ಟ್ಯಾಟಿನ್ ಅಥವಾ ರೊಸುವಾಸ್ಟ್ಯಾಟಿನ್. ಓದಲು ಬರುವ ಮಕ್ಕಳಿಂದ ಓದಿಸಿಕೊಳ್ಳಿ. ಹೆಸರಿನ ಮುಂದೆ 10, 20, 40 ಎಂಬ ಅಂಕಿ ಇರುತ್ತದೆ, ಅದನ್ನೂ ನೋಡಿಸಿ. ಹೆಸರು, ಅಂಕಿ ಎರಡೂ ಒಂದಾದರೆ ಬಣ್ಣ ಬೇರೆಯಾದರೂ ಅದು ಅದೇ ಮಾತ್ರೆ. ಇದರ ಇನ್ನೊಂದು ಮಗ್ಗುಲೂ ಇದೆ. ಚಾಮರಾಜನಗರದಲ್ಲಿ ಬರೆದದ್ದನ್ನು ಒಂದು, ತಾಳವಾಡಿಯಲ್ಲಿ ಕೊಟ್ಟದ್ದನ್ನು ಒಂದು ಎಂದು ಎರಡೂ ನುಂಗಿದವರಿದ್ದಾರೆ. ಅದು ಎರಡರಷ್ಟಾಗುತ್ತದೆ. ಯಾವ ಆಸ್ಪತ್ರೆಗೆ ಹೋದರೂ ಚೀಟಿಯಷ್ಟೇ ಅಲ್ಲ, ಮನೆಯಲ್ಲಿರುವ ಎಲ್ಲ ಮಾತ್ರೆಯ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಭಾಷೆಯ ತೊಂದರೆಯೂ ಅರ್ಧ ತೀರುತ್ತದೆ.

ತಮಿಳುನಾಡಿನಲ್ಲಿ 2021ರ ಆಗಸ್ಟ್ 5ರಂದು ಶುರುವಾದ ಮನೆ ಬಾಗಿಲಿಗೆ ಔಷಧದ ಯೋಜನೆಯ ಹೆಸರು ‘ಮಕ್ಕಳೈ ತೇಡಿ ಮರುತ್ತುವಂ’. ತಮಿಳಿನಲ್ಲಿ ಮಕ್ಕಳ್ ಎಂದರೆ ಜನ. ನಮ್ಮ ಕಡೆ ಒಬ್ಬ ಅಜ್ಜಿ, ಅದು ಮಕ್ಕಳಿಗೆ ಕೊಡುವ ಔಷಧಿ, ನಮಗಲ್ಲ ಎಂದು ವರ್ಷಗಟ್ಟಲೆ ಸುಮ್ಮನಿದ್ದಳು! ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮನೆಗೆ ತಂದುಕೊಡುವ ಏರ್ಪಾಡು ಅದು. ಆ ಹೆಣ್ಣುಮಗಳು ಬಂದಾಗ, ಕೊಬ್ಬಿನ ಪರೀಕ್ಷೆ ನನಗೆ ಯಾವಾಗ ಎಂದು ಒಂದು ಮಾತು ಕೇಳಿ.

ಮಾತ್ರೆಯಿಂದ ತೊಂದರೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಕೆಲವರಿಗೆ ಮಾಂಸಖಂಡ ನೋಯುತ್ತದೆ. ತೀರಾ ಅಪರೂಪಕ್ಕೆ ಅದು ಜೋರಾಗಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕೆಲವರಿಗೆ ಸಕ್ಕರೆ ಒಂದಿಷ್ಟು ಏರಬಹುದು, ಆದರೆ ಆಗುವ ಲಾಭ ಅದಕ್ಕಿಂತ ದೊಡ್ಡದು. ಬಸಿರಿಯರು, ಮಗು ಬೇಕೆಂದಿರುವವರು, ಹಾಲೂಡಿಸುವವರು ಡಾಕ್ಟರಿಗೆ ಹೇಳದೆ ನುಂಗಬಾರದು. ಉಳಿದಂತೆ ಕೈಕಾಲು ನೋವೆಲ್ಲ ಮಾತ್ರೆಯದೇ ಎಂದು ತಿಳಿಯಬೇಡಿ. ಇಂಗ್ಲೆಂಡಿನಲ್ಲಿ ನಡೆದ ಒಂದು ಸ್ವಾರಸ್ಯದ ಪರೀಕ್ಷೆಯ ಫಲ 2020ರಲ್ಲಿ ಹೊರಬಂತು. ನೋವೆಂದು ಸ್ಟ್ಯಾಟಿನ್ ಬಿಟ್ಟಿದ್ದ ಅರವತ್ತು ಜನರಿಗೆ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲದ ಹುಸಿ ಮಾತ್ರೆ, ಕೆಲವು ತಿಂಗಳು ಖಾಲಿ. ಯಾವುದು ಯಾವುದೆಂದು ಅವರಿಗೆ ಹೇಳಲಿಲ್ಲ. ನಿಜವಾದ ಮಾತ್ರೆಯಲ್ಲಿ ಅನುಭವಿಸಿದ ತೊಂದರೆಯ ಹತ್ತರಲ್ಲಿ ಒಂಬತ್ತು ಪಾಲು ಹುಸಿ ಮಾತ್ರೆಯಲ್ಲಿಯೂ ಕಂಡಿತು. ನೋವು ಸುಳ್ಳಲ್ಲ, ಕಾರಣ ಬೇರೆ. ಕೋಸಿನ ಮೂಟೆ ಎತ್ತಿದವರಿಗೆ ಮಾತ್ರೆ ಇಲ್ಲದೆಯೂ ಸೊಂಟ ನೋಯುತ್ತದೆ. ನಿಜವಾಗಿ ಒಗ್ಗದಿದ್ದರೆ ಡಾಕ್ಟರು ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು. ನೀವಾಗಿಯೇ ಬಿಡಬೇಡಿ. ಸಂಖ್ಯೆ ಇಳಿದಿದೆಯೆಂದು ಬಿಡುವುದಂತೂ ಕೊಡೆ ಹಿಡಿದಾಗ ನೆನೆಯಲಿಲ್ಲವೆಂದು ಮಳೆಯಲ್ಲೇ ಕೊಡೆ ಮಡಿಸಿದ ಹಾಗೆ.

ಮುದುಕರ ವಿಷಯ. ಎಪ್ಪತ್ತೈದು ದಾಟಿದವರಿಗೆ, ‘ಇನ್ಯಾಕೆ ಬುಡಿ’ ಎಂದು ಮಗನೂ ಹೇಳುತ್ತಾನೆ, ಕೆಲವು ಸಲ ಡಾಕ್ಟರೂ ಹೇಳುತ್ತಾರೆ. ಒಮ್ಮೆ ಹೃದಯಾಘಾತವೋ ಲಕ್ವವೋ ಆಗಿದ್ದರೆ ವಯಸ್ಸು ಎಷ್ಟಾದರೂ ಮಾತ್ರೆಯಿಂದ ಲಾಭವಿದೆ. ಯಾವ ಕಾಯಿಲೆಯೂ ಇಲ್ಲದ ಎಂಬತ್ತರವರಿಗೆ ಹೊಸದಾಗಿ ಶುರುಮಾಡಬೇಕೇ ಎಂಬುದಕ್ಕೆ ಅಷ್ಟು ಗಟ್ಟಿಯಾದ ಪುರಾವೆ ಇಲ್ಲ, ಅದನ್ನು ಡಾಕ್ಟರೊಡನೆ ಕೂತು ಮಾತಾಡಿ ತೀರ್ಮಾನಿಸಬೇಕು. ಲಕ್ವ ಹೊಡೆದವರಿಗೆ ಎಣ್ಣೆ ತಿಕ್ಕುವುದು, ನಾಟಿ ಔಷಧಿ ಕುಡಿಸುವುದು ನಮ್ಮಲ್ಲಿ ವಾಡಿಕೆ. ತಿಕ್ಕುವುದು ತಿಕ್ಕಿ, ಮಾತ್ರೆ ತಪ್ಪಿಸಬೇಡಿ.

ಸೋಲಿಗರ, ಊರಾಳಿಗಳ ಹಾಡಿಗಳಿಗೆ ಹೋದಾಗ ನಾವು ನೋಡುತ್ತಿದ್ದದ್ದು ರಕ್ತಹೀನತೆ, ಬಸಿರು, ಮಕ್ಕಳ ತೂಕ. ಕಾಡಿನವರಿಗೆ ಹೃದಯದ ಕಾಯಿಲೆ ಎಲ್ಲಿ ಬರುತ್ತದೆ ಎಂದು ರಕ್ತದೊತ್ತಡದ ಪಟ್ಟಿಯನ್ನು ಚೀಲದಿಂದ ತೆಗೆಯುತ್ತಲೇ ಇರಲಿಲ್ಲ. ಈಗ ಅಲ್ಲಿಯೂ ಗೆಣಸು, ಸೊಪ್ಪು ಕಡಿಮೆಯಾಗಿ ಪಡಿತರದ ಅಕ್ಕಿ, ಬೇಕರಿಯ ತಿಂಡಿ ಬಂದಿವೆ. ಚೀಲದಿಂದ ಆ ಪಟ್ಟಿ ಹೊರಬರಬೇಕು.

ಇನ್ನೊಂದು ಸಂಗತಿ, ನೆಂಟಸ್ತಿಕೆಗೆ ಸೇರಿದ್ದು. ಕೆಲವು ಮನೆತನಗಳಲ್ಲಿ ಎಲ್‌ಡಿಎಲ್ ಹುಟ್ಟಿನಿಂದಲೇ ವಿಪರೀತ, 190ಕ್ಕೂ ಮೇಲಿರುತ್ತದೆ. ಅಪ್ಪ ನಲವತ್ತಕ್ಕೆ ಹೋದ, ದೊಡ್ಡಪ್ಪ ನಲವತ್ತೆರಡಕ್ಕೆ ಹೋದ, ಮನೆಗೆ ಯಾರದೋ ಶಾಪ ಎನ್ನುತ್ತಾರೆ. ಹಿಮ್ಮಡಿಯ ನರದ ಮೇಲೆ, ಬೆರಳ ಗೆಣ್ಣಿನ ಮೇಲೆ ಗಂಟು, ರೆಪ್ಪೆಯ ಮೇಲೆ ಹಳದಿ ಮಚ್ಚೆ ಕಾಣಬಹುದು. ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ಇಬ್ಬರು ಅಮೆರಿಕದ ವೈದ್ಯರು ಇದರ ಗುಟ್ಟು ಬಿಡಿಸಿ 1985ರಲ್ಲಿ ನೊಬೆಲ್ ಬಹುಮಾನ ಪಡೆದರು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ರೂಢಿ. ಇಬ್ಬರ ರಕ್ತದಲ್ಲಿಯೂ ಈ ದೋಷವಿದ್ದು ಮಗುವಿಗೆ ಎರಡು ಕಡೆಯಿಂದಲೂ ಬಂದರೆ ಎಳೆಯ ವಯಸ್ಸಿನಲ್ಲಿಯೇ ಹೃದಯಾಘಾತವಾಗಬಹುದು. ಅಂಥ ಮನೆಯಲ್ಲಿ ಮಕ್ಕಳಿಗೂ ಪರೀಕ್ಷೆ ಬೇಕು.

ಊಟದ ಮಾತು ಚಿಕ್ಕದಾಗಿ. ರಾಗಿ, ಅವರೆ, ಹುರುಳಿ, ಸೊಪ್ಪು ನಮ್ಮದೇ, ಅವನ್ನು ಬಿಡಬೇಡಿ. ಎಣ್ಣೆಯ ಪ್ಯಾಕೆಟ್ಟಿನ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಬರೆದಿರುತ್ತಾರಲ್ಲ, ಅದನ್ನು ನೋಡಿ ಮೋಸಹೋಗಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲಿಯೂ ಕೊಲೆಸ್ಟ್ರಾಲ್ ಇರುವುದಿಲ್ಲ. ನೋಡಬೇಕಾದದ್ದು ಗಟ್ಟಿ ಕೊಬ್ಬು ಎಷ್ಟು ಎಂಬುದನ್ನು. ಪಡಿತರ ಅಂಗಡಿಯ ಪಾಮೋಲಿನ್ ಎಣ್ಣೆಯಲ್ಲಿ ಅದು ಅರ್ಧದ ಹತ್ತಿರ, ಕಡಲೆಕಾಯಿ ಎಣ್ಣೆಯಲ್ಲಿ ಐದರಲ್ಲೊಂದು ಪಾಲಿನಷ್ಟು. ಅಗ್ಗದ ಎಣ್ಣೆ ಸುರಿದುಬಿಡಿ ಎಂದು ನಾನು ಹೇಳಲಾರೆ, ಮನೆ ನಡೆಸುವವಳ ಕಷ್ಟ ನನಗೆ ಗೊತ್ತು. ಕೈ ಹಿಡಿದು ಹಾಕಿ, ಕರಿದ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿಯಬೇಡಿ. ಪಥ್ಯದಿಂದ ಎಲ್‌ಡಿಎಲ್ ಇಳಿಯುವುದು ಸ್ವಲ್ಪವೇ, ಮಾತ್ರೆ ಬೇಕಾದವರಿಗೆ ಪಥ್ಯ ಮಾತ್ರೆಯ ಬದಲಾಗುವುದಿಲ್ಲ.

ಕಡೆಯದಾಗಿ, ಪೆಟ್ಟು ಬಂದೇಬಿಟ್ಟರೆ ಏನು ಮಾಡಬೇಕು ಎಂಬುದು. ದಿಂಬಂ ಘಾಟಿಯ 27 ತಿರುವು ನಿಮಗೆ ಗೊತ್ತು. 2022ರ ಫೆಬ್ರವರಿಯಿಂದ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ಕಡಿವಾಣ ಬಿದ್ದಿದ್ದರೂ ಆಂಬುಲೆನ್ಸಿಗೆ ತಡೆಯಿಲ್ಲ. 108ಕ್ಕೆ ಕರೆ ಮಾಡಿದಾಗ ಗಡಿಯ ಟವರಿನಿಂದಾಗಿ ಕರೆ ಆಚೆ ರಾಜ್ಯಕ್ಕೆ ಹೋಗಬಹುದು. ಊರಿನ ಜೊತೆ ತಾಲ್ಲೂಕು, ಜಿಲ್ಲೆ, ರಾಜ್ಯ ಎಲ್ಲ ಹೇಳಿ. ದೊಡ್ಡ ಆಸ್ಪತ್ರೆಗೇ ಹೋಗೋಣವೆಂದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ದಾಟಿ ಹೋಗಬೇಡಿ. 2023ರಲ್ಲಿ ತಮಿಳುನಾಡಿನಲ್ಲಿ ‘ಇದಯಂ ಕಾಪ್ಪೋಂ’ ಎಂಬ ಯೋಜನೆ ಶುರುವಾಯಿತು. ಎದೆನೋವಿನಿಂದ ಬಂದವರಿಗೆ ಆರೋಗ್ಯ ಕೇಂದ್ರದಲ್ಲಿಯೇ ಒಟ್ಟು 14 ಮಾತ್ರೆ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ. ಆಸ್ಪಿರಿನ್ ಎರಡು, ಕ್ಲೊಪಿಡೋಗ್ರೆಲ್ ನಾಲ್ಕು, ಅಟಾರ್ವಾಸ್ಟ್ಯಾಟಿನ್ ಎಂಟು. ಮನೆಯಲ್ಲಿ ನೀವೇ ಎಣಿಸಿ ನುಂಗುವ ಲೆಕ್ಕವಲ್ಲ ಇದು, ಕೆಲವರಿಗೆ ಕೊಡಬಾರದ ಕಾರಣವೂ ಇರುತ್ತದೆ, ಅದನ್ನು ಅವರು ನೋಡಿ ಕೊಡುತ್ತಾರೆ. ಆಚೆ ಕರ್ನಾಟಕದಲ್ಲಿ ಪುನೀತ್ ಅವರ ಹೆಸರಿನಲ್ಲಿಯೇ ‘ಹೃದಯ ಜ್ಯೋತಿ’ ಯೋಜನೆ ಬಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಗಡಿಯ ಯಾವ ಕಡೆಗಾದರೂ ಸರಿ, ಹತ್ತಿರ ಯಾವುದೋ ಅಲ್ಲಿಗೆ ಮೊದಲು. ಮತ್ತೆ, ಹೋದಲ್ಲಿ ಹೆಂಗಸಿಗೆ ಗ್ಯಾಸು ಎಂದರೆ, ಒಂದು ಇಸಿಜಿ ತೆಗೀರಿ ಎಂದು ನಿಂತುಕೊಂಡು ಕೇಳಿ.

ಅತ್ತಿಗೆಗೆ ಈಗ 61. ನಾಲ್ಕು ಹೆಜ್ಜೆ ಬಿರುಸಾಗಿ ನಡೆದರೆ ಉಬ್ಬಸ. ಹೊಲಕ್ಕೆ ಹೋಗುವುದು ನಿಂತಿದೆ. ಹೋದ ತಿಂಗಳ ಚೀಟಿಯಲ್ಲಿ ಎಲ್‌ಡಿಎಲ್ 52. ರಾತ್ರಿ ಊಟವಾದ ಮೇಲೆ ಮೊಮ್ಮಗ ಮಾತ್ರೆಯ ಪಟ್ಟಿ ಹಿಡಿದು ಅ-ಟಾ-ರ್ವಾ ಎಂದು ಕೂಡಿಸಿ ಕೂಡಿಸಿ ಓದುತ್ತಾನೆ. ಅವನು ಪೂರ್ತಿ ಓದಿ ಮುಗಿಸುವವರೆಗೆ ಅವರು ನೀರಿನ ಲೋಟ ಕೈಯಲ್ಲಿ ಹಿಡಿದು ಕಾಯುತ್ತಾರೆ.